ಬಾಗಿಲಿಗೆ ಬಾರದ ಆರೈಕೆ: ತಳೇಗಾಂವದ ಹಿರಿಯರೂ ಊರಿನ ಲೆಕ್ಕವೂ

ಪುಣೆಯಿಂದ ಲೋಣಾವಳಾ ಲೋಕಲ್ ಹಿಡಿದರೆ ಸುಮಾರು 35 ಕಿಲೋಮೀಟರಿಗೆ ತಳೇಗಾಂವ ಸ್ಟೇಷನ್ ಸಿಗುತ್ತದೆ. ಇಳಿದ ಕಡೆ ಇರುವುದು ಸ್ಟೇಷನ್ ಬಡಾವಣೆ. ಮರಾಠಾ ಸೇನಾಪತಿ ದಾಭಾಡೆಯವರ ಹಳೇ ಊರನ್ನು ಇಲ್ಲಿಯವರು ‘ಗಾವಭಾಗ’ ಎನ್ನುತ್ತಾರೆ. ಅಲ್ಲಿಗೆ ವಯಸ್ಸಾದವರು ಆಟೊ ಹತ್ತಿಯೇ ಹೋಗಬೇಕು. ಪುಣೆ, ಮುಂಬೈಗಳಲ್ಲಿ ನೌಕರಿ ಮುಗಿಸಿದವರು ತಂಪು ಹವೆಗೆಂದು ಬಂದು ಮನೆ ಕಟ್ಟಿಕೊಂಡ ಊರಿದು. ಮರಾಠಿ ಲೇಖಕ ಗೋ. ನೀ. ದಾಂಡೇಕರ್ ಬಾಳಿದ್ದೂ ಇಲ್ಲೇ. ಈಚಿನ ದಶಕಗಳಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶ ಬಂತು, ಪಕ್ಕದ ಚಾಕಣದಲ್ಲಿ ವಾಹನ ಕಾರ್ಖಾನೆಗಳು ಎದ್ದವು, ಹಿಂಜವಡಿಯ ಐಟಿ ಕಂಪನಿಗಳವರು ಇಲ್ಲಿ ಫ್ಲ್ಯಾಟ್ ಕೊಂಡರು. ಅವರ ಹಿಂದೆ ಅವರ ಅಪ್ಪ-ಅಮ್ಮಂದಿರೂ ಬಂದರು. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಮಗನ ಮನೆಗೆ ಬಂದು ನಿಂತ ಕನ್ನಡದ ಹಿರಿಯರು ಇವರಲ್ಲಿ ಸೇರಿದ್ದಾರೆ.

ಹೀಗೆ ಊರಿನಲ್ಲಿ ಮೂರು ಬಗೆಯ ಮುಪ್ಪು ಇದೆ. ಗಾವಭಾಗದಲ್ಲೂ ಸುತ್ತಲ ವಾಡಿಗಳಲ್ಲೂ ಹುಟ್ಟಿ ಬೆಳೆದು ಮುದುಕರಾದವರದು ಒಂದು: ಮನೆ ತುಂಬ ಜನ, ಕೈಯಲ್ಲಿ ಕಾಸಿಲ್ಲ. ಬಂಗಲೆಯಲ್ಲಿ ಗಂಡ-ಹೆಂಡತಿ ಇಬ್ಬರೇ ಇರುವವರದು ಎರಡನೆಯದು: ಪಿಂಚಣಿ ಬರುತ್ತದೆ, ಮಕ್ಕಳು ಹೊರದೇಶದಲ್ಲಿ, ರಾತ್ರಿ ಎದೆ ನೋವು ಬಂದರೆ ಕೂಗಿ ಕರೆಯಲು ಯಾರೂ ಇಲ್ಲ. ಮಕ್ಕಳ ನೌಕರಿಯ ಹಿಂದೆ ಬಂದು ಭಾಷೆ ಗೊತ್ತಿಲ್ಲದ ಊರಿನಲ್ಲಿ ಏಳನೇ ಮಹಡಿಯಲ್ಲಿ ಕೂತವರದು ಮೂರನೆಯದು.

ಹಿರಿಯರಿಗೆಂದು ಸರ್ಕಾರಗಳು ಏನೂ ಮಾಡಿಲ್ಲ ಎನ್ನುವ ಹಾಗಿಲ್ಲ. ಕಾಯ್ದೆ, ಕಾರ್ಡು, ಪಿಂಚಣಿ, ಸಹಾಯವಾಣಿ ಎಲ್ಲವೂ ಇವೆ. ಆದರೆ ಅವುಗಳಲ್ಲಿ ಹೆಚ್ಚಿನವು ತಮ್ಮ ತಮ್ಮ ಕೌಂಟರಿನಲ್ಲಿ ಕೂತು ಹಿರಿಯರು ಬರಲೆಂದು ಕಾಯುತ್ತವೆ. ನಡೆಯಲಾರದವರ ಮನೆಗೆ ಯಾರು ಹೋಗಬೇಕು, ಎಷ್ಟು ದಿನಕ್ಕೊಮ್ಮೆ ಹೋಗಬೇಕು, ಯಾರ ಸಂಬಳದಲ್ಲಿ ಹೋಗಬೇಕು ಎಂಬುದನ್ನು ಊರಿನ ಮಟ್ಟದಲ್ಲಿ ಕೂತು ಯೋಚಿಸುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ. ತಳೇಗಾಂವವನ್ನು ಮುಂದಿಟ್ಟುಕೊಂಡು ಆ ಲೆಕ್ಕ ಹಾಕಿ ನೋಡಬಹುದು. ಹೆಸರು ಬದಲಿಸಿದರೆ ಇದೇ ಲೆಕ್ಕ ಗೋಕಾಕಕ್ಕೂ ಸಾಗರಕ್ಕೂ ನಡೆಯುತ್ತದೆ.

ಮೊದಲು ಎಣಿಕೆ

2011ರ ಜನಗಣತಿಯಲ್ಲಿ ತಳೇಗಾಂವ ದಾಭಾಡೆ ನಗರ ಪರಿಷತ್ತಿನ ಜನಸಂಖ್ಯೆ 56 ಸಾವಿರದ ಆಸುಪಾಸು. 2021ರಲ್ಲಿ ನಡೆಯಬೇಕಿದ್ದ ಜನಗಣತಿ 2027ಕ್ಕೆ ಹೋಗಿದೆ. ಹಾಗಾಗಿ ಇವತ್ತು ಯಾವ ಯೋಜನೆ ಮಾಡಹೊರಟರೂ ಕೈಗೆ ಸಿಗುವುದು ಒಂದೂವರೆ ದಶಕದ ಹಿಂದಿನ ಅಂಕಿ. ಈ ನಡುವೆ ಎದ್ದ ಅಪಾರ್ಟ್‌ಮೆಂಟುಗಳ ಜನ ಆ ಲೆಕ್ಕದಲ್ಲಿಲ್ಲ.

ಆ ಹಳೇ ಅಂಕಿಯನ್ನೇ ಹಿಡಿಯೋಣ. ಅದೇ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ 60 ದಾಟಿದವರು ನೂರಕ್ಕೆ ಹತ್ತರ ಸಮೀಪ. ರಾಜ್ಯದ ಸರಾಸರಿಯೇ ಊರಿಗೂ ಅನ್ವಯಿಸಿದರೆ ತಳೇಗಾಂವದಲ್ಲಿ ಸುಮಾರು ಐದೂವರೆ ಸಾವಿರ ಹಿರಿಯರು. 2017-18ರಲ್ಲಿ ದೇಶದಾದ್ಯಂತ ನಡೆದ ‘ಲಾಸಿ’ ಸಮೀಕ್ಷೆ ಹಿರಿಯರ ಬದುಕನ್ನು ಹತ್ತಿರದಿಂದ ನೋಡಿತ್ತು. ಅದರಂತೆ 60 ದಾಟಿದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಸ್ನಾನ, ಉಡುಪು, ಶೌಚ, ಊಟ, ಓಡಾಟಗಳಲ್ಲಿ ಒಂದಾದರೂ ಕಷ್ಟ. ಒಬ್ಬಂಟಿಯಾಗಿ ಇರುವವರು ನೂರಕ್ಕೆ ಆರರಷ್ಟು. ಇದೇ ಸಮೀಕ್ಷೆಗೆ ಹೊಂದಿಕೊಂಡು ನಡೆದ ಅಧ್ಯಯನದ ಪ್ರಕಾರ ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ ಇರುವವರು ಶೇ. 7.4.

ಈ ಸರಾಸರಿಗಳನ್ನು ತಳೇಗಾಂವಕ್ಕೆ ಇಳಿಸಿದರೆ ದೈನಂದಿನ ಕೆಲಸಕ್ಕೆ ಕಷ್ಟಪಡುವವರು 1,300ಕ್ಕೂ ಹೆಚ್ಚು, ಒಬ್ಬಂಟಿಗರು 330ರಷ್ಟು, ಡಿಮೆನ್ಶಿಯಾ ಇರುವವರು 400ರಷ್ಟು ಆಗುತ್ತಾರೆ. ಇವು ಅಂದಾಜುಗಳೇ; ನಿವೃತ್ತರು ಆರಿಸಿಕೊಂಡು ಬಂದ ಊರಾದ್ದರಿಂದ ನಿಜ ಸಂಖ್ಯೆ ಬೇರೆ ಇರಬಹುದು. ಆದರೂ ‘ಹಿರಿಯರ ಸಮಸ್ಯೆ’ ಎಂದಾಗ ಬೆಟ್ಟದ ಹಾಗೆ ಕಾಣುವುದು ಈ ಲೆಕ್ಕದಲ್ಲಿ ಕೈಗೆಟುಕುವ ಗಾತ್ರಕ್ಕೆ ಬರುತ್ತದೆ. 330 ಮನೆಗಳ ಪಟ್ಟಿ ಮಾಡುವುದು ಒಂದು ಊರಿಗೆ ಅಸಾಧ್ಯವಾದ ಕೆಲಸವಲ್ಲ.

ಹಾಗಿದ್ದರೂ ಪಟ್ಟಿ ಯಾರ ಬಳಿಯೂ ಪೂರ್ತಿಯಾಗಿ ಇರುವುದಿಲ್ಲ. ನಗರಗಳಲ್ಲಿ ಆಶಾ ಕಾರ್ಯಕರ್ತೆಯರ ಗಮನ ಹೆಚ್ಚಾಗಿ ಕೊಳೆಗೇರಿ, ಬಡವರ ವಸತಿಗಳ ಕಡೆಗೆ. ಬಂಗಲೆಯ ಗೇಟಿನೊಳಗೆ ಅವರು ಹೋಗುವುದು ಕಡಿಮೆ. ಒಬ್ಬಂಟಿ ಹಿರಿಯರ ಪಟ್ಟಿಯನ್ನು ಪೊಲೀಸ್ ಠಾಣೆ ಇಟ್ಟುಕೊಳ್ಳಬೇಕು, ತಿಂಗಳಿಗೊಮ್ಮೆ ಹೋಗಿ ವಿಚಾರಿಸಬೇಕು ಎಂದು 2007ರ ಹಿರಿಯ ನಾಗರಿಕರ ಕಾಯ್ದೆಯ ಮಾದರಿ ನಿಯಮಗಳು ಹೇಳುತ್ತವೆ. ಆದರೆ ಠಾಣೆಗೆ ಬೇಕಾದದ್ದು ಕಳ್ಳತನ, ಕೊಲೆಗಳ ಭಯದ ಪಟ್ಟಿ. ಬಿಪಿ ಮಾತ್ರೆ ಮುಗಿದವರ ಪಟ್ಟಿ ಅದಲ್ಲ.

ಯೋಜನೆಗಳ ರಾಶಿ

ಊರಿನ ಒಬ್ಬ ಹಿರಿಯರಿಗೆ ಈಗ ಏನೇನು ಸಿಗುತ್ತದೆ? 2024ರ ಅಕ್ಟೋಬರ್ 29ರಿಂದ 70 ವರ್ಷ ತುಂಬಿದ ಎಲ್ಲರಿಗೂ, ಆದಾಯ ಎಷ್ಟೇ ಇದ್ದರೂ, ಆಯುಷ್ಮಾನ್ ವಯ ವಂದನಾ ಕಾರ್ಡು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ. ಇದು ದೊಡ್ಡ ಹೆಜ್ಜೆ. ಮಧ್ಯಮ ವರ್ಗದ ಮುದುಕರನ್ನೂ ಇದು ಸರ್ಕಾರಿ ವಿಮೆಯೊಳಗೆ ತಂದಿತು. ಆದರೆ ಇದು ಅಡ್ಮಿಟ್ ಆದವರಿಗೆ. ಹೊರರೋಗಿಯಾಗಿ ತೋರಿಸಿಕೊಂಡು ತಿಂಗಳು ತಿಂಗಳು ಕೊಳ್ಳುವ ಸಕ್ಕರೆ ಕಾಯಿಲೆಯ ಮಾತ್ರೆಗೆ, ಕನ್ನಡಕಕ್ಕೆ, ಮನೆಗೆ ಬರುವ ಫಿಸಿಯೋಥೆರಪಿಗೆ ಇದರಲ್ಲಿ ದುಡ್ಡಿಲ್ಲ.

ಪಿಂಚಣಿಯ ಕಥೆ ಗೊತ್ತಿರುವುದೇ. ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಯಲ್ಲಿ 80ರ ಒಳಗಿನವರಿಗೆ ಕೇಂದ್ರದ ಪಾಲು 2007ರಿಂದ ತಿಂಗಳಿಗೆ 200 ರೂಪಾಯಿಗೇ ನಿಂತಿದೆ. ಮಹಾರಾಷ್ಟ್ರ ಸರ್ಕಾರ ಶ್ರಾವಣಬಾಳ ಯೋಜನೆಯಲ್ಲಿ ಬಡ ಹಿರಿಯರಿಗೆ ತಿಂಗಳಿಗೆ 1,500 ರೂಪಾಯಿ ಕೊಡುತ್ತದೆ; ಕರ್ನಾಟಕದ ಸಂಧ್ಯಾ ಸುರಕ್ಷಾದಲ್ಲಿ 1,200. ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ 75 ದಾಟಿದವರಿಗೆ 2022ರ ಆಗಸ್ಟಿನಿಂದ ಟಿಕೆಟ್ ಇಲ್ಲ, 65 ದಾಟಿದವರಿಗೆ ಅರ್ಧ ಟಿಕೆಟ್. ರೈಲಿನಲ್ಲಿ ಮಾತ್ರ 2020ರ ಮಾರ್ಚಿನಲ್ಲಿ ನಿಂತ ಹಿರಿಯರ ರಿಯಾಯಿತಿ ಮತ್ತೆ ಬಂದಿಲ್ಲ. 2024ರಲ್ಲಿ ಬಂದ ಮುಖ್ಯಮಂತ್ರಿ ವಯೋಶ್ರೀ ಯೋಜನೆಯಲ್ಲಿ ಕೋಲು, ಕನ್ನಡಕ, ಶ್ರವಣಯಂತ್ರಗಳಿಗೆಂದು ಒಂದು ಬಾರಿಗೆ 3,000 ರೂಪಾಯಿ. ಕೇಳಿ ತಿಳಿಯಲು 2021ರಿಂದ ದೇಶಕ್ಕೆಲ್ಲ ಒಂದೇ ಸಹಾಯವಾಣಿ: 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ.

ಆರೋಗ್ಯದ ಬದಿಯಲ್ಲಿ 2010ರಲ್ಲಿ ಶುರುವಾದ ಹಿರಿಯರ ಆರೋಗ್ಯ ರಾಷ್ಟ್ರೀಯ ಕಾರ್ಯಕ್ರಮವಿದೆ. ಕಾಗದದಲ್ಲಿ ಅದರ ಏಣಿ ಸೊಗಸಾಗಿದೆ: ಜಿಲ್ಲಾಸ್ಪತ್ರೆಯಲ್ಲಿ ಹತ್ತು ಹಾಸಿಗೆಯ ವಾರ್ಡು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ಹಿರಿಯರ ಕ್ಲಿನಿಕ್, ಕೆಳಗಿನ ಮೆಟ್ಟಿಲಲ್ಲಿ ಹಾಸಿಗೆ ಹಿಡಿದವರ ಮನೆಗೆ ಭೇಟಿ. ಪುಣೆ ಜಿಲ್ಲಾಸ್ಪತ್ರೆ ಇರುವುದು ಔಂಧಿನಲ್ಲಿ. ತಳೇಗಾಂವದ ಮಂಡಿ ನೋವಿನ ಅಜ್ಜಿಗೆ ಅದು ದೂರದ ಊರೇ. ಏಣಿಯ ಮೇಲಿನ ಮೆಟ್ಟಿಲು ಕಟ್ಟುವುದು ಸುಲಭ, ಉದ್ಘಾಟನೆಗೂ ಒದಗುತ್ತದೆ. ಕೆಳಗಿನ ಮೆಟ್ಟಿಲಿಗೆ ಬೇಕಾದದ್ದು ದಿನಾ ಓಡಾಡುವ ಜನ. ಅದಕ್ಕೆ ದುಡ್ಡೂ ಕಡಿಮೆ, ಹೆಸರೂ ಕಡಿಮೆ.

ಪ್ರತಿ ಜಿಲ್ಲೆಯಲ್ಲೂ ನಿರ್ಗತಿಕ ಹಿರಿಯರಿಗಾಗಿ ಕನಿಷ್ಠ 150 ಮಂದಿಯ ವೃದ್ಧಾಶ್ರಮವೊಂದನ್ನು ರಾಜ್ಯ ಸರ್ಕಾರ ನಡೆಸಬಹುದು ಎಂದು 2007ರ ಕಾಯ್ದೆಯ 19ನೇ ಕಲಮು ಹೇಳುತ್ತದೆ. ಪುಣೆ ಜಿಲ್ಲೆಯ ಜನಸಂಖ್ಯೆ 2011ರಲ್ಲೇ 94 ಲಕ್ಷ ದಾಟಿತ್ತು. ಆಶ್ರಮ ಎಷ್ಟೇ ಚೆನ್ನಾಗಿ ನಡೆದರೂ ಬಹುಪಾಲು ಹಿರಿಯರು ಮುದುಕರಾಗುವುದು ತಮ್ಮ ಮನೆಯಲ್ಲೇ, ಸಾಯುವುದೂ ಅಲ್ಲೇ. ಯೋಜನೆ ಹಾಕುವವರು ಮನೆಯಿಂದ ಶುರುಮಾಡಬೇಕಾದದ್ದು ಇದೇ ಕಾರಣಕ್ಕೆ.

ಆಸ್ಪತ್ರೆಯಿಂದ ಮನೆಗೆ: ಯಾರದೂ ಅಲ್ಲದ ದಾರಿ

ತಳೇಗಾಂವಕ್ಕೆ ಆಸ್ಪತ್ರೆಯ ಬರವಿಲ್ಲ. 1995ರಲ್ಲಿ ಶುರುವಾದ ಮೈಮರ್ ವೈದ್ಯಕೀಯ ಕಾಲೇಜು ಇಲ್ಲಿದೆ; ಅದರ ಜತೆಗಿರುವ ಡಾ. ಭಾವುಸಾಹೇಬ ಸರದೇಸಾಯಿ ತಳೇಗಾಂವ ಗ್ರಾಮೀಣ ಆಸ್ಪತ್ರೆ ಸುತ್ತಲ ಮಾವಳ ತಾಲ್ಲೂಕಿಗೆಲ್ಲ ಆಸರೆ. ಅದೇ ಸಂಸ್ಥೆಯ ಫಿಸಿಯೋಥೆರಪಿ ಕಾಲೇಜೂ ಊರಲ್ಲಿದೆ. ಈ ಆಸ್ಪತ್ರೆಯ ಮೂಲ ತಳೇಗಾಂವ ಜನರಲ್ ಹಾಸ್ಪಿಟಲ್ ಅಂಡ್ ಕನ್ವಲೆಸೆಂಟ್ ಹೋಮ್ ಎಂಬ ಹಳೇ ಸಂಸ್ಥೆ. ಕಾಯಿಲೆ ವಾಸಿಯಾದರೂ ಮೈಗೆ ಶಕ್ತಿ ಬಾರದವರು ಕೆಲ ಕಾಲ ಇದ್ದು ಚೇತರಿಸಿಕೊಳ್ಳಲಿ ಎಂಬ ಏರ್ಪಾಟು ಈ ಊರಿಗೆ ಹೊಸದಲ್ಲ ಎನ್ನಲು ಇದೇ ಸಾಕ್ಷಿ. ಇವತ್ತಿನ ಹಿರಿಯರ ಆರೈಕೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೊರತೆಯೂ ಅದರದ್ದೇ.

ಎಲ್ಲೆಡೆ ನಡೆಯುವ ಸಂಗತಿಯೊಂದನ್ನು ತೆಗೆದುಕೊಳ್ಳಿ. 78ರ ಅಜ್ಜಿಯೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೇಲ್ಮೂಳೆ ಮುರಿದುಕೊಂಡಿದ್ದಾರೆ. ಆಪರೇಷನ್ ಆಗುತ್ತದೆ, ಕಾರ್ಡಿನಲ್ಲಿ ಬಿಲ್ಲೂ ಆಗುತ್ತದೆ. ಕೆಲವು ದಿನಕ್ಕೆ ಡಿಸ್ಚಾರ್ಜ್. ಕೈಗೆ ಬರುವುದು ಇಂಗ್ಲಿಷಿನಲ್ಲಿ ಬರೆದ ಸಮ್ಮರಿ, ಒಂದು ಎಕ್ಸ್‌ರೇ ಕವರು, ಔಷಧದ ಚೀಟಿ. ಚೀಟಿಯಲ್ಲಿ 1-0-1, 0-0-1, 1-1-1 ಎಂಬ ಸಾಲುಗಳು. ಇದರಲ್ಲಿ ಮೊದಲಿನ ಅಂಕಿ ಬೆಳಗ್ಗೆ, ನಡುವಿನದು ಮಧ್ಯಾಹ್ನ, ಕೊನೆಯದು ರಾತ್ರಿ ಎಂಬುದು ಓದಿದ ಮಗನಿಗೆ ಗೊತ್ತು. ಹಗಲು ಮನೆಯಲ್ಲಿ ಉಳಿಯುವ ಅಜ್ಜನಿಗೆ ಗೊತ್ತಿಲ್ಲ. ಮೊದಲೇ ನುಂಗುತ್ತಿದ್ದ ಬಿಪಿ ಮಾತ್ರೆ, ಸಕ್ಕರೆ ಮಾತ್ರೆಗಳು ಈ ಚೀಟಿಯಲ್ಲಿ ಬಿಟ್ಟುಹೋಗಿದ್ದರೆ ಅವನ್ನು ಮುಂದುವರಿಸಬೇಕೇ ನಿಲ್ಲಿಸಬೇಕೇ? ಒಂದೇ ಔಷಧ ಎರಡು ಕಂಪನಿಗಳ ಹೆಸರಲ್ಲಿ ಎರಡು ಸ್ಟ್ರಿಪ್ಪುಗಳಲ್ಲಿ ಬಂದಿದ್ದರೆ ಅದನ್ನು ಯಾರು ಹಿಡಿಯುತ್ತಾರೆ? ಮೆಡಿಕಲ್ ಶಾಪಿನ ಹುಡುಗನೇ ಈ ಪ್ರಶ್ನೆಗಳಿಗೆ ಕೊನೆಯ ದಿಕ್ಕಾಗುವುದುಂಟು.

ಮನೆಯಲ್ಲಿ ಮುಂದಿನ ಪಾಡು. ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕೂರಲಾಗದು, ಕಮೋಡ್ ಕುರ್ಚಿ ಬೇಕು. ವಾಕರ್ ಬಂತು, ಆದರೆ ಬಚ್ಚಲಿನ ಹೊಸ್ತಿಲು ದಾಟಲು ಅದಕ್ಕೆ ಆಗದು. ಮಲಗಿದಲ್ಲೇ ಮಲಗಿದರೆ ಬೆನ್ನ ಕೆಳಗೆ ಹುಣ್ಣಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಹೇಳಿಕೊಟ್ಟವರಿಲ್ಲ. ಆಯುಷ್ಮಾನ್ ಯೋಜನೆ ಡಿಸ್ಚಾರ್ಜ್ ಆದ ಮೇಲೆ 15 ದಿನದವರೆಗಿನ ಔಷಧ, ತಪಾಸಣೆಗಳನ್ನು ನೋಡಿಕೊಳ್ಳುತ್ತದೆ. ಮುರಿದ ಮೂಳೆಯ ಮೇಲೆ ಮತ್ತೆ ಧೈರ್ಯವಾಗಿ ಹೆಜ್ಜೆ ಇಡಲು ವಯಸ್ಸಾದವರಿಗೆ ತಿಂಗಳುಗಳೇ ಬೇಕು. ಹದಿನಾರನೇ ದಿನದಿಂದ ಆ ಜವಾಬ್ದಾರಿ ಯಾರದೂ ಅಲ್ಲ. ಆಪರೇಷನ್ನಿಗೆ ಲಕ್ಷಗಟ್ಟಲೆ ಸುರಿದು, ಅದು ಫಲ ಕೊಡಲು ಬೇಕಾದ ಹದಿನೈದಿಪ್ಪತ್ತು ಫಿಸಿಯೋಥೆರಪಿ ಭೇಟಿಗಳಿಗೆ ವ್ಯವಸ್ಥೆ ಮಾಡದಿರುವುದು ದುಂದುಗಾರಿಕೆ. ಅಜ್ಜಿ ಹಾಸಿಗೆಯಲ್ಲೇ ಉಳಿದರೆ ಮುಂದೆ ಮತ್ತೆ ಅಡ್ಮಿಟ್ ಮಾಡುವ ಖರ್ಚು ಅದೇ ಸರ್ಕಾರದ ಮೇಲೆ ಬೀಳುತ್ತದೆ.

ನೋಡಿಕೊಳ್ಳುವವರು ಯಾರು

ಸದ್ಯಕ್ಕೆ ಈ ಬಿರುಕನ್ನು ಮುಚ್ಚುತ್ತಿರುವವರು ಹೆಂಗಸರು. ಮನೆಯೊಳಗೆ ಸೊಸೆ, ಮಗಳು, ತಾನೂ 70 ದಾಟಿದ ಹೆಂಡತಿ. ಹೊರಗಿನಿಂದ ಬರುವವರಲ್ಲಿ ‘ಮಾವಶಿ’. ಪುಣೆಯ ಕಡೆ ಹಿರಿಯರನ್ನು ನೋಡಿಕೊಳ್ಳಲು ಬರುವ ಹೆಂಗಸರನ್ನು ಹೀಗೆ, ಚಿಕ್ಕಮ್ಮ ಎನ್ನುವ ಹಾಗೆ ಕರೆಯುತ್ತಾರೆ. ಅವರನ್ನು ಕಳಿಸುವುದು ‘ಬ್ಯೂರೋ’. ಹನ್ನೆರಡು ಗಂಟೆಯ ಪಾಳಿ, ಇಲ್ಲವೇ ಇಪ್ಪತ್ತನಾಲ್ಕು ಗಂಟೆ ಮನೆಯಲ್ಲೇ. ಮನೆಯವರು ಕೊಟ್ಟ ದುಡ್ಡಿನಲ್ಲಿ ಬ್ಯೂರೋದ ಕಮಿಷನ್ ಹೋಗಿ ಉಳಿದದ್ದು ಮಾವಶಿಗೆ. ಎಷ್ಟೋ ಮಂದಿಗೆ ತರಬೇತಿ ಇಲ್ಲ, ವಾರದ ರಜೆ ಇಲ್ಲ, ಭಾರದ ರೋಗಿಯನ್ನು ಎತ್ತಿ ಎತ್ತಿ ತಮ್ಮ ಸೊಂಟ ಹೋದರೆ ಪರಿಹಾರವಿಲ್ಲ. ಮನೆಯವರಿಗೂ ನೆಮ್ಮದಿಯಿಲ್ಲ: ಬಂದವರು ಯಾರು, ನಾಳೆ ಬರುತ್ತಾರೋ ಇಲ್ಲವೋ, ಇಂಜೆಕ್ಷನ್ ಕೊಡಲು ಬರುತ್ತದೋ ಇಲ್ಲವೋ ಗೊತ್ತಾಗುವ ದಾರಿ ಇಲ್ಲ.

ಊರಿನ ಯೋಜನೆಯಲ್ಲಿ ಈ ಕೆಲಸಗಾರ್ತಿಯರಿಗೆ ಜಾಗವಿರಲೇಬೇಕು. ನಗರ ಪರಿಷತ್ತು ಬ್ಯೂರೋಗಳ ನೋಂದಣಿ ಇಟ್ಟುಕೊಂಡು, ವೈದ್ಯಕೀಯ ಕಾಲೇಜಿನಲ್ಲಿ ಕೆಲವು ವಾರಗಳ ತರಬೇತಿ ಕೊಡಿಸಿ, ಪಾಸಾದವರಿಗೆ ಗುರುತಿನ ಚೀಟಿ ಕೊಟ್ಟರೆ ಇಬ್ಬರಿಗೂ ಅನುಕೂಲ. ಎತ್ತುವುದು, ಮಗ್ಗುಲಾಗಿಸುವುದು, ಗಂಟಲಿಗೆ ಸಿಕ್ಕಿಕೊಳ್ಳದ ಹಾಗೆ ಉಣಿಸುವುದು, ಮರೆವಿನ ರೋಗಿ ಸಿಟ್ಟಾದಾಗ ಸುಮ್ಮನಿರುವುದು: ಇವೆಲ್ಲ ಕಲಿತರೆ ಬರುವ ವಿದ್ಯೆಗಳು. ಸೊಸೆ-ಮಗಳಂದಿರಿಗೂ ಇದೇ ತರಬೇತಿ ಬೇಕು. ಅದಕ್ಕಿಂತ ಹೆಚ್ಚಾಗಿ ವಾರಕ್ಕೆ ನಾಲ್ಕು ತಾಸು ಬಿಡುವು ಬೇಕು. ಹಗಲು ಹೊತ್ತು ಹಿರಿಯರನ್ನು ಬಿಟ್ಟುಹೋಗಬಹುದಾದ ಡೇ-ಕೇರ್ ಒಂದಿದ್ದರೆ ಕೆಲಸ ಬಿಟ್ಟು ಮನೆಯಲ್ಲಿ ಕೂರುವ ಎಷ್ಟೋ ಹೆಂಗಸರು ಕೆಲಸ ಉಳಿಸಿಕೊಳ್ಳುತ್ತಾರೆ.

ಇದಕ್ಕೆ ಹೊಸ ಕಟ್ಟಡ ಬೇಕೆಂದೇನಿಲ್ಲ. ಪುಣೆ, ಪಿಂಪರಿ-ಚಿಂಚವಡದ ಕಡೆ ‘ವಿರಂಗುಳಾ ಕೇಂದ್ರ’ ಎಂಬ ಪದ್ಧತಿ ಇದೆ: ಹಿರಿಯರು ಸಂಜೆ ಕೂತು ಪೇಪರ್ ಓದುವ, ಕೇರಂ ಆಡುವ, ಭಜನೆ ಹಾಡುವ ಸಾರ್ವಜನಿಕ ಕೋಣೆಗಳು. ಜ್ಯೇಷ್ಠ ನಾಗರಿಕ ಸಂಘಗಳ ಬಲವೂ ಮಹಾರಾಷ್ಟ್ರದಲ್ಲಿ ದೊಡ್ಡದು. ಅವುಗಳ ಒಕ್ಕೂಟ ‘ಫೆಸ್ಕಾಮ್’ 1980ರಿಂದ ಇದೆ. ಈ ಕೋಣೆಗಳಿಗೆ ಬರುವವರು ನಡೆಯಬಲ್ಲವರು, ಅವರಲ್ಲೂ ಗಂಡಸರೇ ಹೆಚ್ಚು. ಹಗಲಿನಲ್ಲಿ ಖಾಲಿ ಇರುವ ಅದೇ ಜಾಗದಲ್ಲಿ ವಾರಕ್ಕೆ ಮೂರು ದಿನ ಡೇ-ಕೇರ್, ಒಂದು ದಿನ ಫಿಸಿಯೋಥೆರಪಿ ನಡೆಸಬಹುದು.

ದುಡ್ಡಿದ್ದವರ ದಾರಿ

ಹಿರಿಯರಿಗೆಂದೇ ಕಟ್ಟುವ ವಸತಿ ಸಂಕೀರ್ಣಗಳು ತಳೇಗಾಂವಕ್ಕೂ ಬಂದಿವೆ. ಆಶಿಯಾನಾ ಕಂಪನಿಯ ‘ಅಮೋಧ್’ ಅಂಥದ್ದೊಂದು. ಇಂಥ ಕಡೆ ಊಟದ ಹಾಲ್, ತುರ್ತು ಗಂಟೆ, ಹಿಡಿದುಕೊಳ್ಳುವ ಕಂಬಿ ಇರುವ ಬಚ್ಚಲು ಇರುತ್ತವೆ. ಕೆಲವು ಬಿಲ್ಡರುಗಳು ಮಾಮೂಲಿ ಫ್ಲ್ಯಾಟಿಗೇ ಹಿರಿಯರ ಹೆಸರು ಹಚ್ಚಿ ಮಾರದಿರಲೆಂದು ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ ಮಹಾರೇರಾ 2024ರಲ್ಲಿ ನಿಯಮ ತಂದಿತು: ಒಂದಕ್ಕಿಂತ ಹೆಚ್ಚು ಮಹಡಿಯಿದ್ದರೆ ಲಿಫ್ಟ್ ಬೇಕು, ಗಾಲಿಕುರ್ಚಿ ನುಸುಳುವಂತೆ ಬಾಗಿಲು 900 ಮಿಲಿಮೀಟರ್ ಅಗಲ ಇರಬೇಕು, ನೆಲ ಜಾರಬಾರದು ಇತ್ಯಾದಿ. ಒಳ್ಳೆಯದೇ. ಆದರೆ ಗೇಟಿನೊಳಗೆ ಸಿಕ್ಕ ಸೌಕರ್ಯ ಗೇಟಿನಾಚೆ ಸಿಗುವುದಿಲ್ಲ. ಫುಟ್‌ಪಾತ್ ಇಲ್ಲದ ರಸ್ತೆ, ಮೆಟ್ಟಿಲು ಹತ್ತಿಸುವ ಬ್ಯಾಂಕು, ಬೆಂಚಿಲ್ಲದ ಬಸ್‌ಸ್ಟಾಪು ಎಲ್ಲರಿಗೂ ಒಂದೇ. ಈ ಸಂಕೀರ್ಣಗಳಿಗೆ ಹೋಗಬಲ್ಲವರು ಐದೂವರೆ ಸಾವಿರದಲ್ಲಿ ಕೆಲವೇ ಜನ. ಮಹಾರೇರಾ ಬರೆದ ಬಾಗಿಲ ಅಗಲವನ್ನೂ ಜಾರದ ನೆಲವನ್ನೂ ನಗರ ಪರಿಷತ್ತು ಹೊಸ ಕಟ್ಟಡಗಳಿಗೆಲ್ಲ ಅನ್ವಯಿಸುವಂತೆ ಮಾಡಿದರೆ ಲಾಭ ಊರಿಗೆಲ್ಲ.

ಗಡಿ ದಾಟಿ ಬಂದ ಅಪ್ಪ-ಅಮ್ಮ

ಕರ್ನಾಟಕದಿಂದ ಮಗನ ಮನೆಗೆ ಬಂದ ಹಿರಿಯರಿಗೆ ಇನ್ನೊಂದು ತೊಡಕು. ಆಯುಷ್ಮಾನ್ ಕಾರ್ಡು ಅವರ ಜತೆಗೇ ಬರುತ್ತದೆ, ದೇಶದ ಯಾವ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತದೆ. ‘ಒಂದು ದೇಶ, ಒಂದು ಪಡಿತರ ಚೀಟಿ’ಯಿಂದ ಅಕ್ಕಿ-ಗೋಧಿಯೂ ಸಿಕ್ಕೀತು. ಪಿಂಚಣಿಯ ಗತಿ ಬೇರೆ. ಸಂಧ್ಯಾ ಸುರಕ್ಷಾ ಕರ್ನಾಟಕದ ವಾಸಿಗಳಿಗೆ. ಊರಿನ ವಿಳಾಸ ಬಿಟ್ಟರೆ ಅದೂ ಹೋಗುತ್ತದೆ. ಶ್ರಾವಣಬಾಳ ಬೇಕಾದರೆ ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಿರಬೇಕು. 70ರಲ್ಲಿ ಬಂದವರು 85ರವರೆಗೆ ಕಾಯಬೇಕೇ? ಹೀಗಾಗಿ ಊರಿನ ಆಧಾರ್ ವಿಳಾಸ ಬದಲಿಸದೆ, ಇಲ್ಲಿಯ ಯಾವ ಪಟ್ಟಿಗೂ ಸೇರದೆ ದಿನ ದೂಡುವವರಿದ್ದಾರೆ. ಯೋಜನೆಯ ಲಾಭ ಗಡಿಯಾಚೆಗೂ ಸಿಗುವಂತೆ ಮಾಡುವುದು ಆಗದ ಕೆಲಸವೇನಲ್ಲ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಮಹಾತ್ಮ ಜ್ಯೋತಿರಾವ್ ಫುಲೆ ಆರೋಗ್ಯ ಯೋಜನೆಯನ್ನು ಕರ್ನಾಟಕದೊಳಗಿನ 865 ಹಳ್ಳಿಗಳಿಗೆ ವಿಸ್ತರಿಸುವುದಾಗಿ ಹೇಳಿ ಗಡಿ ವಿವಾದಕ್ಕೆ ಮತ್ತೆ ಬಿಸಿ ತಂದಿತ್ತು. ರಾಜಕೀಯಕ್ಕೆ ಬೇಕಾದಾಗ ಯೋಜನೆ ಗಡಿ ದಾಟುತ್ತದೆ. ಮುದುಕರಿಗಾಗಿಯೂ ದಾಟಲಿ ಎಂದು ಎರಡೂ ಸರ್ಕಾರಗಳು ಕೂತು ಒಪ್ಪಂದ ಮಾಡಿಕೊಳ್ಳಬಹುದು.

ಭಾಷೆಯ ತೊಡಕು ಔಷಧದಂಗಡಿಯಲ್ಲಿ ಅಷ್ಟು ಕಾಡದು. ಮರೆವಿನ ಪರೀಕ್ಷೆಯಲ್ಲಿ ಕಾಡುತ್ತದೆ. ಡಿಮೆನ್ಶಿಯಾ ಇದೆಯೇ ಎಂದು ನೋಡಲು ವೈದ್ಯರು ಇವತ್ತು ಯಾವ ವಾರ, ಈ ಊರು ಯಾವ ಜಿಲ್ಲೆ, ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದೆಲ್ಲ ಕೇಳುತ್ತಾರೆ. ಇಂಡಿ ತಾಲ್ಲೂಕಿನ ಹಳ್ಳಿಯಿಂದ ಬಂದ ಅಜ್ಜನಿಗೆ ಮರಾಠಿಯಲ್ಲಿ ಈ ಪ್ರಶ್ನೆ ಹಾಕಿದರೆ ಉತ್ತರ ತಪ್ಪಾಗುವುದು ಮರೆವಿನಿಂದಲೇ ಎಂದು ಹೇಳಲಾಗದು. ಇಂಥ ಪರೀಕ್ಷೆಗಳ ಕನ್ನಡ ರೂಪಗಳು ಬೆಂಗಳೂರಿನ ನಿಮ್ಹಾನ್ಸ್ ಬಳಿ ಇವೆ. ವಿಡಿಯೊ ಕರೆಯಲ್ಲೂ ಅವನ್ನು ನಡೆಸಬಹುದು. ಪುಣೆಯ ಕನ್ನಡ ಸಂಘಗಳು ರಾಜ್ಯೋತ್ಸವದ ಜತೆಗೆ ಇಂಥ ದುಭಾಷಿ ಕೆಲಸಕ್ಕೆ ಸ್ವಯಂಸೇವಕರನ್ನು ಕೊಟ್ಟರೆ ಆಸ್ಪತ್ರೆಗೂ ಉಪಕಾರ.

ಬೇರೆಯವರು ಮಾಡಿದ್ದು

ಮನೆ ಬಾಗಿಲಿನ ಆರೈಕೆಯ ದೊಡ್ಡ ಮಾದರಿ ನಮ್ಮ ಪಕ್ಕದಲ್ಲೇ ಇದೆ. 1993ರಲ್ಲಿ ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಒಂದು ನೋವು ನಿವಾರಣಾ ಕ್ಲಿನಿಕ್ ಶುರುಮಾಡಿದರು. ಆ ದಶಕದ ಕೊನೆಗೆ ಮಲಪ್ಪುರಂ ಜಿಲ್ಲೆಯಲ್ಲಿ ಅದು ನೆರೆಹೊರೆಯವರ ಜಾಲವಾಯಿತು: ಊರವರೇ ದುಡ್ಡು ಕೂಡಿಸಿ, ಊರವರೇ ರೋಗಿಗಳ ಪಟ್ಟಿ ಮಾಡಿ, ನರ್ಸನ್ನು ಕರೆದುಕೊಂಡು ಮನೆ ಮನೆಗೆ ಹೋದರು. 2008ರಲ್ಲಿ ಕೇರಳ ಸರ್ಕಾರ ಪ್ಯಾಲಿಯೇಟಿವ್, ಅಂದರೆ ನೋವು ತಗ್ಗಿಸುವ ಆರೈಕೆಗೆ ನೀತಿ ತಂದು ಪಂಚಾಯತಿಗಳಿಗೆ ಹೊಣೆ ವಹಿಸಿತು. ಇವತ್ತು ಕಾಸರಗೋಡಿನ ಕನ್ನಡ ಮನೆಗಳಿಗೂ ಪಂಚಾಯತಿಯ ಪ್ಯಾಲಿಯೇಟಿವ್ ನರ್ಸ್ ಹೋಗಿ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಾರೆ, ಮೂತ್ರದ ಟ್ಯೂಬ್ ಬದಲಿಸುತ್ತಾರೆ. ಇದರ ಜತೆಗೆ ‘ವಯೋಮಿತ್ರಂ’ ಯೋಜನೆಯಲ್ಲಿ ಪುರಸಭೆಗಳ 65 ದಾಟಿದವರಿಗೆ ಸಂಚಾರಿ ಕ್ಲಿನಿಕ್, ಉಚಿತ ಔಷಧ. ತಳೇಗಾಂವದಂಥ ಊರಿಗೆ ಹೇಳಿ ಮಾಡಿಸಿದ್ದು ಇದು.

ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಗರ ಪೊಲೀಸರ ಜತೆ ಸೇರಿ 2002ರಲ್ಲಿ ಹಿರಿಯರಿಗಾಗಿ 1090 ಸಹಾಯವಾಣಿ ತೆರೆಯಿತು. ಕರೆಗಳಲ್ಲಿ ದೊಡ್ಡ ಪಾಲು ಮನೆಯೊಳಗಿನ ಕಿರುಕುಳ, ಆಸ್ತಿ ಬರೆಸಿಕೊಂಡು ಕೈಬಿಟ್ಟ ಮಕ್ಕಳ ದೂರು. ಕರ್ನಾಟಕ ಸರ್ಕಾರ 2024ರಲ್ಲಿ ಕೋಲಾರದಿಂದ ಶುರುಮಾಡಿ ಮುಂದೆ ವಿಸ್ತರಿಸಿದ ‘ಗೃಹ ಆರೋಗ್ಯ’ದಲ್ಲಿ ಆರೋಗ್ಯ ಸಿಬ್ಬಂದಿ ಮನೆಗೇ ಹೋಗಿ ಬಿಪಿ, ಸಕ್ಕರೆ ಪರೀಕ್ಷಿಸುತ್ತಾರೆ. ಪುಣೆಯಲ್ಲೇ, ವಾರ್ಜೆಯಲ್ಲಿ, ಸಿಪ್ಲಾದ ಪ್ಯಾಲಿಯೇಟಿವ್ ಕೇಂದ್ರ 1997ರಿಂದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ನಡೆಯುತ್ತಿದೆ.

ಜಪಾನ್ 2000ದಲ್ಲಿ ಹಿರಿಯರ ಆರೈಕೆಗೇ ಪ್ರತ್ಯೇಕ ವಿಮೆ ತಂದಿತು. ಅಷ್ಟು ದುಡ್ಡು ನಮ್ಮಲ್ಲಿಲ್ಲ. ಆದರೆ 2006ರಿಂದ ಅಲ್ಲಿರುವ ಸಮುದಾಯ ಬೆಂಬಲ ಕೇಂದ್ರಗಳ ಏರ್ಪಾಟು ನೋಡಬೇಕಾದದ್ದು. 20ರಿಂದ 30 ಸಾವಿರ ಜನಸಂಖ್ಯೆಗೆ ಒಂದು ಕಚೇರಿ. ಅದರಲ್ಲಿ ಆರೋಗ್ಯ ನರ್ಸ್, ಸಮಾಜ ಕಾರ್ಯಕರ್ತ, ಆರೈಕೆಯ ಯೋಜನೆ ಹಾಕಿಕೊಡುವವರು. ಹಿರಿಯರ ಯಾವ ತೊಂದರೆಗೂ ಮೊದಲು ಅಲ್ಲಿಗೆ ಹೋದರಾಯಿತು. ಮುಂದೆ ಯಾವ ಕಚೇರಿ, ಯಾವ ಆಸ್ಪತ್ರೆ ಎಂಬುದು ಅವರ ತಲೆನೋವು. ಆ ಅಳತೆಯಲ್ಲಿ ತಳೇಗಾಂವಕ್ಕೆ ಎರಡು ಕೇಂದ್ರ ಸಾಕು: ಒಂದು ಗಾವಭಾಗದಲ್ಲಿ, ಒಂದು ಸ್ಟೇಷನ್ ಕಡೆ.

ಊರು ಮಾಡಬಹುದಾದದ್ದು

ಹಾಗಾದರೆ ಯೋಜನೆ ಹೇಗಿರಬೇಕು? ಮೊದಲ ವರ್ಷದ ಕೆಲಸ ಪಟ್ಟಿ. ವಾರ್ಡುವಾರು, ಒಪ್ಪಿಗೆ ಪಡೆದು, 75 ದಾಟಿದವರನ್ನೂ ಒಬ್ಬಂಟಿಗರನ್ನೂ ಮನೆ ಬಿಟ್ಟು ಹೊರಬರಲಾರದವರನ್ನೂ ಬರೆದುಕೊಳ್ಳುವುದು. ವೈದ್ಯಕೀಯ ವಿದ್ಯಾರ್ಥಿಗಳು ಪ್ರತಿಯೊಬ್ಬರೂ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ನೋಡಿಕೊಳ್ಳಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಈಚೆಗೆ ಕಡ್ಡಾಯ ಮಾಡಿದೆ. ಅದು ಹಳ್ಳಿಗಳಿಗೆಂದು ಹಾಕಿಕೊಂಡ ಕಾರ್ಯಕ್ರಮ. ಊರಿನ ವಾರ್ಡುಗಳಲ್ಲೂ ಅದೇ ರೀತಿ ಹಿರಿಯರ ಮನೆಗಳನ್ನು ಹಂಚಿದರೆ ವಿದ್ಯಾರ್ಥಿಗೆ ಪಾಠ, ಅಜ್ಜಿಗೆ ವಿಚಾರಿಸುವವರು. ಈ ಪಟ್ಟಿ ಸಾರ್ವಜನಿಕವಾಗಬಾರದು. ಒಬ್ಬಂಟಿ ಮುದುಕರ ವಿಳಾಸ ಕಳ್ಳರ ಕೈಗೆ ಸಿಗಬಾರದೆಂಬ ಆತಂಕ ಸಹಜ.

ಎರಡನೆಯದು ನರ್ಸ್. ಮನೆಬಿಟ್ಟು ಹೊರಬರಲಾರದವರು 300 ಮಂದಿ ಎಂದುಕೊಳ್ಳಿ. ಒಬ್ಬ ನರ್ಸ್ ದಿನಕ್ಕೆ ಆರು ಮನೆ ನೋಡಿದರೆ ತಿಂಗಳಿಗೆ 150 ಮನೆಯಾಗುತ್ತದೆ. ಇಬ್ಬರು ನರ್ಸ್, ಒಂದು ವಾಹನ, ವಾರಕ್ಕೊಮ್ಮೆ ಜತೆಗೆ ಹೋಗುವ ಒಬ್ಬ ವೈದ್ಯ: ಇಷ್ಟರಲ್ಲಿ ಎಲ್ಲರನ್ನೂ ತಿಂಗಳಿಗೊಮ್ಮೆ ಕಂಡಂತಾಗುತ್ತದೆ. ಮೂರನೆಯದು ಆಸ್ಪತ್ರೆಯೊಡನೆ ಒಪ್ಪಂದ: 70 ದಾಟಿದವರು ಡಿಸ್ಚಾರ್ಜ್ ಆಗುವ ಹಿಂದಿನ ದಿನ ಊರಿನ ಬೆಂಬಲ ಕೇಂದ್ರಕ್ಕೊಂದು ಫೋನ್, ಕಮೋಡ್ ಕುರ್ಚಿ, ವಾಕರ್‌ಗಳನ್ನು ಬಾಡಿಗೆಗಲ್ಲದೆ ಎರವಲಾಗಿ ಕೊಡುವ ಒಂದು ಗೋದಾಮು, ಔಷಧದ ಚೀಟಿಯನ್ನು ಮನೆಯವರ ಭಾಷೆಯಲ್ಲಿ, ಸೂರ್ಯ-ಚಂದ್ರರ ಚಿತ್ರ ಹಾಕಿ ಬರೆದುಕೊಡುವುದು. ನಾಲ್ಕನೆಯದು ಕಾಗದಪತ್ರ: ವಡಗಾಂವ ಮಾವಳದ ತಹಶೀಲ್ದಾರ್ ಕಚೇರಿಗೆ ಹಿರಿಯರು ಓಡಾಡುವ ಬದಲು, ಕೇಂದ್ರದ ಒಬ್ಬರು ಹತ್ತು ಅರ್ಜಿಗಳನ್ನು ಒಟ್ಟಿಗೆ ಹಿಡಿದು ಹೋಗುವುದು. ಜೀವನಾಂಶದ ಅರ್ಜಿಯೂ ಇದರಲ್ಲಿ ಬರಬೇಕು. 2007ರ ಕಾಯ್ದೆಯಡಿ ನ್ಯಾಯಮಂಡಳಿ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಷರತ್ತು ಮುರಿದರೆ ವಾಪಸು ಪಡೆಯಬಹುದು. ಈ ಕಲಮನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥಮಾಡಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಹೇಳಿದೆ.

ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಂವಿಧಾನದ 12ನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯವೂ ದುರ್ಬಲರ ಹಿತರಕ್ಷಣೆಯೂ ನಗರಾಡಳಿತದ ಕೆಲಸಗಳೆಂದು ಬರೆದಿದೆ. 15ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳಿಗೆ ಆರೋಗ್ಯಕ್ಕೆಂದೇ ಅನುದಾನ ಕೊಟ್ಟಿತ್ತು. ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗಾಗಿ ವರಮಾನದ ಶೇ. 5 ತೆಗೆದಿಡಬೇಕೆಂಬ ನಿಯಮವಿದೆ. ಮುಪ್ಪಿನಿಂದ ಕಣ್ಣು, ಕಿವಿ, ಕಾಲು ಸೋತವರನ್ನು ಅದರಡಿ ತರಲು ದೊಡ್ಡ ಅಡ್ಡಿ ಕಾಣದು. ಉಳಿದದ್ದು ಕೇರಳದ ದಾರಿ: ಊರವರ ವಂತಿಗೆ, ಕಾರ್ಖಾನೆಗಳ ಸಿಎಸ್‌ಆರ್, ಅನುಕೂಲಸ್ಥರಿಂದ ಸೇವಾ ಶುಲ್ಕ.

ಮಕ್ಕಳ ಕರ್ತವ್ಯವನ್ನು ಸರ್ಕಾರ ಹೊತ್ತರೆ ಮಕ್ಕಳು ಕೈಚೆಲ್ಲುವುದಿಲ್ಲವೇ ಎಂದು ಕೇಳುವವರಿದ್ದಾರೆ. ತಿಂಗಳಿಗೊಮ್ಮೆ ಬರುವ ನರ್ಸ್ ಉಳಿದ 29 ದಿನ ಸೊಸೆ ಮಾಡುವ ಕೆಲಸವನ್ನು ಕಿತ್ತುಕೊಳ್ಳುವುದಿಲ್ಲ, ಅದನ್ನು ಸರಿಯಾಗಿ ಮಾಡಲು ಬಲ ಕೊಡುತ್ತಾಳೆ. ಸೋತು ಸುಣ್ಣವಾದ ಮನೆಗಳಲ್ಲೇ ಹಿರಿಯರು ಬೈಗುಳ ತಿನ್ನುವುದು, ಬೀದಿಗೆ ಬೀಳುವುದು.

ಸರ್ಕಾರಕ್ಕೆ ಮನೆ ಬಾಗಿಲಿಗೆ ಬರುವುದು ಗೊತ್ತಿಲ್ಲವೆಂದೂ ಅಲ್ಲ. 85 ದಾಟಿದವರ ಮನೆಗೆ ಚುನಾವಣಾ ಸಿಬ್ಬಂದಿ ಮತಪೆಟ್ಟಿಗೆ ಹೊತ್ತು ಬರುತ್ತಾರೆ. ಸುರಕ್ಷತೆಗೆ ಪೊಲೀಸರು, ದಾಖಲೆಗೆ ವಿಡಿಯೊ ಕ್ಯಾಮೆರಾ ಕೂಡ. ಪಿಂಚಣಿದಾರ ಬದುಕಿದ್ದಾನೆಂದು ರುಜುವಾತು ಪಡೆಯಲು ಪೋಸ್ಟ್‌ಮನ್ ಬೆರಳಚ್ಚಿನ ಯಂತ್ರ ಹಿಡಿದು ಬರುತ್ತಾನೆ; ಅದಕ್ಕೆ 70 ರೂಪಾಯಿ ಶುಲ್ಕ. ಒಂದು ಮತಕ್ಕೆ, ಒಂದು ಬೆರಳಚ್ಚಿಗೆ ಹೂಡುವ ಈ ವ್ಯವಸ್ಥೆಯನ್ನು ಒಂದು ಬಿಪಿ ಯಂತ್ರಕ್ಕೂ ಹೂಡಬಹುದು. ಚುನಾವಣೆಯಿಲ್ಲದೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿದ್ದ ಮಹಾರಾಷ್ಟ್ರದ ನಗರ ಪರಿಷತ್ತುಗಳಿಗೆ 2025ರ ಡಿಸೆಂಬರಿನಲ್ಲಿ ಮತ್ತೆ ಸದಸ್ಯರು ಆಯ್ಕೆಯಾಗಿ ಬಂದಿದ್ದಾರೆ. ತಳೇಗಾಂವದ ಮತದಾರ ತನ್ನ ವಾರ್ಡಿನ ಸದಸ್ಯನನ್ನು ಕೇಳಬೇಕಾದದ್ದು ಹೊಸ ವೃದ್ಧಾಶ್ರಮದ ಅಡಿಗಲ್ಲನ್ನಲ್ಲ. ವಾರ್ಡಿನಲ್ಲಿ ಹಾಸಿಗೆ ಹಿಡಿದವರು ಎಷ್ಟು ಜನ, ಹೋದ ತಿಂಗಳು ಅವರಲ್ಲಿ ಎಷ್ಟು ಮಂದಿಯ ಮನೆಗೆ ನರ್ಸ್ ಹೋಗಿದ್ದಳು, ಬಜೆಟ್ಟಿನಲ್ಲಿ ಆ ನರ್ಸಿನ ಸಂಬಳ ಯಾವ ಸಾಲಿನಲ್ಲಿದೆ ಎಂದು ಕೇಳಬೇಕು. ಉತ್ತರ ಕೊಡಲಾಗುವ ದಿನ ಊರಿನಲ್ಲಿ ಹಿರಿಯರ ಯೋಜನೆ ಇದೆ ಎನ್ನಬಹುದು. ಅಲ್ಲಿಯವರೆಗೆ ಇರುವುದು ಕಾರ್ಡುಗಳು ಮಾತ್ರ.